ಪ್ಯಾರಾ ಎಸ್‌ಎಫ್ ಸೇರಬೇಕು. ಕಲಬುರಗಿ ಕಡೆಯ ಹುಡುಗ ತಯಾರಿ ಹೇಗೆ ಮಾಡಬೇಕು?

ಚಿತ್ತಾಪುರದ ಹುಡುಗ
ಎಲ್ಲರಿಗೂ ನಮಸ್ಕಾರ. ನನಗೆ 18 ವರ್ಷ, ಪಿಯುಸಿ ಮುಗಿದಿದೆ. ಊರು ಚಿತ್ತಾಪುರ ತಾಲೂಕು. ಅಪ್ಪ ತೊಗರಿ ಬೆಳೆಯುತ್ತಾರೆ. ಸೇನೆ ಸೇರಬೇಕು, ಅದರಲ್ಲೂ ಪ್ಯಾರಾಶೂಟ್ ರೆಜಿಮೆಂಟಿನ ವಿಶೇಷ ಪಡೆಯಾದ ಪ್ಯಾರಾ ಸ್ಪೆಷಲ್ ಫೋರ್ಸಸ್‌ಗೇ ಹೋಗಬೇಕು ಅಂತ ಹೈಸ್ಕೂಲಿನಿಂದ ಮನಸ್ಸಿನಲ್ಲಿದೆ. ಅವರ ಮರೂನ್ ಟೋಪಿ, ಬಲಿದಾನ್ ಬ್ಯಾಜ್ ನೋಡಿದರೆ ಮೈ ಜುಮ್ ಅನ್ನುತ್ತದೆ.

ಈಗ ದಿನಾ ಬೆಳಿಗ್ಗೆ ಬ್ಯಾಗಿಗೆ ಮರಳು ತುಂಬಿಕೊಂಡು ಓಡುತ್ತೇನೆ. ಸುಮಾರು 15 ಕೆ.ಜಿ. ಇರಬಹುದು. ಡಾಂಬರು ರಸ್ತೆ ಮೇಲೆ ಓಟ. ಈಚೆಗೆ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಹತ್ತಿರ ನೋವು ಶುರುವಾಗಿದೆ. ಗೆಳೆಯರು "ನೋವಿದ್ದಾಗ ಓಡಿದರೇ ಕಾಲು ಗಟ್ಟಿಯಾಗುವುದು" ಅನ್ನುತ್ತಾರೆ.

ನೇರವಾಗಿ ಪ್ಯಾರಾಗೆ ಅರ್ಜಿ ಹಾಕಬಹುದಾ? ಹೊರೆ ಹೊತ್ತು ಓಡುವುದು ಸರಿಯಾ? ಭರ್ತಿ ತರಬೇತಿ ಕೊಡುವ ಅಕಾಡೆಮಿ ಸೇರಲೇಬೇಕಾ? ಈಜು ಕಲಿಯಬೇಕಾ? ದಯವಿಟ್ಟು ತಿಳಿದವರು ಹೇಳಿ.

ಓಟದ ಹುಚ್ಚು ಬೀದರ್
ಬೇಷ್ ತಮ್ಮಾ. ಮೊದಲು 1,600 ಮೀಟರ್ ಎಷ್ಟು ನಿಮಿಷಕ್ಕೆ ಓಡುತ್ತೀ, ಅದನ್ನು ಹೇಳು.

ಚಿತ್ತಾಪುರದ ಹುಡುಗ
6 ನಿಮಿಷ 10 ಸೆಕೆಂಡ್ ಆಗುತ್ತದೆ ಅಣ್ಣ. ಬ್ಯಾಗ್ ಇಲ್ಲದೆ.

ಓಟದ ಹುಚ್ಚು ಬೀದರ್
ಹಾಗಾದರೆ ಬ್ಯಾಗ್ ಮನೆಯಲ್ಲಿಡು. 5:30 ಒಳಗೆ ಬಂದರೆ ಮಾತ್ರ ಭರ್ತಿಯಲ್ಲಿ ಓಟದ ಪೂರ್ತಿ 60 ಅಂಕ.

ಮಾಜಿ ಹವಾಲ್ದಾರ್ ಬಸವಕಲ್ಯಾಣ
ತಮ್ಮಾ, ನಾನು ಇನ್ಫಂಟ್ರಿಯಲ್ಲಿ, ಅಂದರೆ ಕಾಲಾಳು ಪಡೆಯಲ್ಲಿ ಇದ್ದವನು. ಪ್ಯಾರಾದಲ್ಲಿ ಇರಲಿಲ್ಲ, ಆದರೆ ನನ್ನ ಪ್ಲಟೂನಿನಿಂದ ವಾಲಂಟಿಯರ್ ಆಗಿ ಹೋದವರನ್ನು ಕಂಡಿದ್ದೇನೆ. ವಾಪಸ್ ಬಂದವರನ್ನೂ ಕಂಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಜವಾನನಾಗಿ ಸೇರುವವನಿಗೆ "ಪ್ಯಾರಾ ಎಸ್‌ಎಫ್" ಅಂತ ಬೇರೆ ಅರ್ಜಿ ಇಲ್ಲ. ನೀನು ಅಗ್ನಿವೀರ್ ಜನರಲ್ ಡ್ಯೂಟಿಗೆ, ಅಂದರೆ ಜಿಡಿಗೆ ಅರ್ಜಿ ಹಾಕುತ್ತೀ. ಮೊದಲು ಆನ್‌ಲೈನ್ ಪರೀಕ್ಷೆ. ಅದರಲ್ಲಿ ಪಾಸಾದವರನ್ನು ಮಾತ್ರ ಮೈದಾನದ ದೈಹಿಕ ಪರೀಕ್ಷೆಗೆ, ಅಂದರೆ ರ‍್ಯಾಲಿಗೆ ಕರೆಯುತ್ತಾರೆ. ಈ ಕ್ರಮ ಬಂದದ್ದು 2023ರಿಂದ. ನಮ್ಮ ಕಾಲದಲ್ಲಿ ಮೊದಲು ಓಟ, ಕೊನೆಗೆ ಪರೀಕ್ಷೆ ಇತ್ತು. ಊರಿನ ಹಿರಿಯರು ಈಗಲೂ ಹಳೆಯದನ್ನೇ ಹೇಳುತ್ತಾರೆ, ಹುಡುಗರು ಪುಸ್ತಕ ಮುಟ್ಟದೆ ಬರೀ ಓಡುತ್ತಾರೆ. ಮೈದಾನಕ್ಕೆ ಕಾಲಿಡುವ ಮೊದಲೇ ಹೊರಗೆ ಬೀಳುತ್ತಾರೆ. ನನಗೆ ಅತೀ ಹೊಟ್ಟೆ ಉರಿಯುವುದು ಇದಕ್ಕೇ.

ರ‍್ಯಾಲಿಯಲ್ಲಿ 1.6 ಕಿ.ಮೀ. ಓಟ, ಬೀಮ್ (ಕಂಬಿಗೆ ಜೋತು ಮೈ ಮೇಲಕ್ಕೆ ಎಳೆಯುವುದು), ಒಂಬತ್ತು ಅಡಿ ಹಳ್ಳದ ಜಿಗಿತ, ಜಿಗ್‌ಜಾಗ್ ಹಲಗೆ ಮೇಲೆ ನಡಿಗೆ. ಬೀಮ್ 10 ಹೊಡೆದರೆ 40 ಅಂಕ. ಕೊನೆಯ ಎರಡಕ್ಕೆ ಅಂಕ ಇಲ್ಲ, ಆದರೆ ದಾಟಲೇಬೇಕು. ನಮ್ಮ ಕರ್ನಾಟಕದವರಿಗೆ ಜಿಡಿಗೆ ಎತ್ತರ 166 ಸೆಂ.ಮೀ. ಎದೆ 77, ಉಸಿರು ಎಳೆದಾಗ 5 ಸೆಂ.ಮೀ. ಹಿಗ್ಗಬೇಕು. ಆಮೇಲೆ ಮೆಡಿಕಲ್.

ಆಯ್ಕೆ ಆದ ಮೇಲೆ ಯಾವ ರೆಜಿಮೆಂಟ್ ಅನ್ನುವುದು ನಿನ್ನ ಕೈಯಲ್ಲಿ ಇರುವುದಿಲ್ಲ. ಖಾಲಿ ಜಾಗ ನೋಡಿ ಹಂಚುತ್ತಾರೆ. ಪ್ಯಾರಾಶೂಟ್ ರೆಜಿಮೆಂಟ್‌ನ ಟ್ರೇನಿಂಗ್ ಸೆಂಟರ್ ಬೆಂಗಳೂರಿನಲ್ಲೇ ಇದೆ. ಅಲ್ಲಿಗೇ ಬಿದ್ದರೆ ಅದೃಷ್ಟ. ಬೇರೆ ಕಡೆ ಬಿದ್ದರೂ ಬಾಗಿಲು ಮುಚ್ಚುವುದಿಲ್ಲ. ವಾಲಂಟಿಯರ್ ಕೇಳಿದಾಗ ಕೈ ಎತ್ತಬಹುದು. ಆಮೇಲಿನದು ಪ್ರೊಬೇಷನ್, ಅಂದರೆ ಆಯ್ಕೆಗಾಗಿ ಪರೀಕ್ಷಿಸುವ ಅವಧಿ. ಅಲ್ಲಿ ನಿದ್ದೆ ಇಲ್ಲ, ಹೊಟ್ಟೆ ತುಂಬ ಊಟ ಇಲ್ಲ, ಬೆನ್ನ ಮೇಲೆ ಹೊರೆ, ಹತ್ತಾರು ಕಿ.ಮೀ. ಸ್ಪೀಡ್ ಮಾರ್ಚ್. ತಿಂಗಳುಗಟ್ಟಲೆ. ಬಹಳ ಜನ ವಾಪಸ್ ಬರುತ್ತಾರೆ. ವಾಪಸ್ ಬಂದವನಿಗೆ ಅವಮಾನ ಏನಿಲ್ಲ, ತನ್ನ ಯೂನಿಟ್‌ನಲ್ಲಿ ಒಳ್ಳೆಯ ಸೈನಿಕನಾಗಿಯೇ ಇರುತ್ತಾನೆ.

ಆದ್ದರಿಂದ ಈಗ ನಿನ್ನ ಗುರಿ ಪ್ರೊಬೇಷನ್ ಅಲ್ಲ. ಪರೀಕ್ಷೆ, 5:30, ಹತ್ತು ಬೀಮ್, ಮತ್ತು ಮೆಡಿಕಲ್ ದಾಟುವ ಕಾಲು.

ಸೇಡಂ ರೋಡ್
ಬೆಳಗಾವಿಯಲ್ಲೇ ಕಮಾಂಡೋ ಶಾಲೆ ಇದೆಯಲ್ಲ, ಅಲ್ಲಿಗೆ ನೇರ ಹೋಗಲು ಆಗಲ್ವಾ? ನಮ್ಮ ಕಡೆಯ ಒಬ್ಬ ಹುಡುಗ ಅಲ್ಲೇ ಕಮಾಂಡೋ ಆದ.

ಮಾಜಿ ಹವಾಲ್ದಾರ್ ಬಸವಕಲ್ಯಾಣ
ಆಗಲ್ಲ. ಬೆಳಗಾವಿಯದು ಇನ್ಫಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್. ಈಗಾಗಲೇ ಸೇನೆಯಲ್ಲಿ ಇರುವವರನ್ನು ಯೂನಿಟ್‌ನಿಂದ ಕಮಾಂಡೋ ಕೋರ್ಸಿಗೆ ಕಳಿಸುತ್ತಾರೆ. ಆ ಹುಡುಗನೂ ಯಾವುದೋ ಬೆಟಾಲಿಯನ್‌ನಿಂದಲೇ ಹೋಗಿರಬೇಕು. ಪ್ರತಿ ಇನ್ಫಂಟ್ರಿ ಬೆಟಾಲಿಯನ್‌ನಲ್ಲಿ ಘಾತಕ್ ಪ್ಲಟೂನ್ ಅಂತ ಇರುತ್ತದೆ. ಎಲ್ಲರಿಗಿಂತ ಮುಂದೆ ಹೋಗಿ ದಾಳಿ ಮಾಡುವ ತಂಡ ಅದು. ತಮ್ಮಾ, ಇದನ್ನೂ ತಲೆಯಲ್ಲಿ ಇಟ್ಟುಕೋ. ಪ್ಯಾರಾ ಸಿಗಲಿಲ್ಲ ಅಂದರೆ ಘಾತಕ್ ಇದೆ. ಅದು ಕಡಿಮೆಯದಲ್ಲ.

ಭಾಲ್ಕಿ ಕಾಕಾ
ಮರಾಠಾ ಲೈಟ್ ಇನ್ಫಂಟ್ರಿ ಸೆಂಟರ್ ಕೂಡ ಬೆಳಗಾವಿಯಲ್ಲೇ. ನಮ್ಮ ಭಾಲ್ಕಿ, ಔರಾದ್ ಕಡೆಯವರಿಗೆ ಅದು ಮನೆ ಇದ್ದ ಹಾಗೆ. ಒಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. 1971ರ ಡಿಸೆಂಬರ್ 11ರಂದು ಬಾಂಗ್ಲಾದ ಟಂಗೈಲ್‌ನಲ್ಲಿ ವಿಮಾನದಿಂದ ಧುಮುಕಿದ 2 ಪ್ಯಾರಾ ಮೂಲದಲ್ಲಿ ಮರಾಠಾ ಬೆಟಾಲಿಯನ್. ಈಗಿನ 21 ಪ್ಯಾರಾ ಎಸ್‌ಎಫ್ ಕೂಡ ಮೊದಲು 21 ಮರಾಠಾ ಆಗಿತ್ತು. ನಮ್ಮ ಭಾಗದ ಹುಡುಗರು ಮರಾಠಾ ಸೆಂಟರ್ ಸಿಕ್ಕರೆ ಬೇಸರ ಮಾಡಬಾರದು.

ಯಾದಗಿರಿ ಕೋಟೆ
ಎನ್‌ಎಸ್‌ಜಿ ಬ್ಲ್ಯಾಕ್ ಕ್ಯಾಟ್‌ಗೆ ಹೋಗು ತಮ್ಮಾ, ಭಯೋತ್ಪಾದಕರ ವಿರುದ್ಧ ಹೋರಾಡುವ ಪಡೆ ಅದು, ಹೆಸರು ಜಾಸ್ತಿ. ಮೇಜರ್ ಸಂದೀಪ್ ಉನ್ನಿಕೃಷ್ಣನ್ ಪ್ಯಾರಾದಿಂದ ಅಲ್ಲಿಗೆ ಹೋದವರು.

ಭಾಲ್ಕಿ ಕಾಕಾ
ಇಲ್ಲಪ್ಪಾ. ಅವರು ಬಿಹಾರ್ ರೆಜಿಮೆಂಟ್‌ನ ಅಧಿಕಾರಿ. ಅಲ್ಲಿಂದ ಎನ್‌ಎಸ್‌ಜಿಗೆ ಡೆಪ್ಯುಟೇಷನ್ ಮೇಲೆ ಹೋಗಿದ್ದರು. 2008ರ ಮುಂಬೈ ದಾಳಿಯಲ್ಲಿ ಹುತಾತ್ಮರಾದರು, ಅಶೋಕ ಚಕ್ರ ಬಂತು. ಇಂಥವರ ವಿಷಯ ಬರೆಯುವಾಗ ಸರಿಯಾಗಿ ಬರೆಯಬೇಕು. ಎನ್‌ಎಸ್‌ಜಿಗೂ ನೇರ ಭರ್ತಿ ಇಲ್ಲ. ಸೇನೆಯಿಂದ, ಅರೆಸೇನಾ ಪಡೆಗಳಿಂದ ಹೋಗುತ್ತಾರೆ.

ಶಹಾಬಾದ್ ಕಲ್ಲು
ಎಲ್ಲರೂ ಬ್ಯಾಗ್ ಬೇಡ ಅನ್ನುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಪ್ಯಾರಾದಲ್ಲಿ ಹೊರೆಯೇ ಕೆಲಸ. ನಮ್ಮಪ್ಪ ಗಣಿಯಲ್ಲಿ ಕಲ್ಲು ಹೊತ್ತವರು, ನಾನೂ ರಜೆಯಲ್ಲಿ ಲಾರಿಗೆ ಲೋಡ್ ಮಾಡಿದ್ದೇನೆ. ಚಿಕ್ಕಂದಿನಿಂದ ಹೊತ್ತವನಿಗೆ ಪಿಟ್ಟು (ಸೈನಿಕರ ಬೆನ್ನಚೀಲ) ಭಾರ ಅನಿಸುವುದಿಲ್ಲ. ಮೆತ್ತಗೆ ಬೆಳೆದ ಹುಡುಗರೇ ಅಲ್ಲಿ ಮೊದಲು ಕುಸಿಯುವುದು. ತಮ್ಮಾ, ಹೊರು. ಬಿಡಬೇಡ.

ಫಿಸಿಯೋ ಅಕ್ಕ ಕಲಬುರಗಿ
ಶಹಾಬಾದ್ ಅಣ್ಣ, ನಿಮ್ಮಪ್ಪ ಕಲ್ಲು ಹೊತ್ತು ಓಡಿದ್ದರಾ? ನಡೆದಿದ್ದರು ಅಲ್ವಾ? ವ್ಯತ್ಯಾಸ ಇರುವುದೇ ಅಲ್ಲಿ.

ನಾನು ಫಿಸಿಯೋಥೆರಪಿಸ್ಟ್. ಭರ್ತಿ ಸೀಸನ್ ಹತ್ತಿರ ಬಂದರೆ ನನ್ನ ಹತ್ತಿರ ಬರುವ ಹುಡುಗರದ್ದು ಒಂದೇ ದೂರು, ಮುಂಗಾಲಿನ ಎಲುಬು ನೋವು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಒತ್ತಡ ಕಾಲಿಗೆ ಬೀಳುತ್ತದೆ. ಅದರ ಮೇಲೆ 15 ಕೆ.ಜಿ. ಮರಳು, ಕೆಳಗೆ ಡಾಂಬರು, ಕಾಲಲ್ಲಿ ಸವೆದ ಕ್ಯಾನ್ವಾಸ್ ಶೂ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಎಲುಬು ನಿಧಾನ. ಉಸಿರು ಸಾಲುತ್ತದೆ, ಹುಮ್ಮಸ್ಸು ಇರುತ್ತದೆ, ಆದರೆ ಎಲುಬು ಇನ್ನೂ ತಯಾರಾಗಿರುವುದಿಲ್ಲ. ಅಲ್ಲೇ ಕೂದಲೆಳೆಯಷ್ಟು ಬಿರುಕು ಬರುವುದು.

ತಮ್ಮಾ, ಈಗ ಬೆರಳಿನಿಂದ ಎಲುಬಿನ ಉದ್ದಕ್ಕೂ ಒತ್ತಿ ನೋಡು. ಉದ್ದಕ್ಕೂ ಮಂದ ನೋವು ಇದ್ದರೆ ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ಸ್, ಅಂದರೆ ಅತಿ ಓಟದಿಂದ ಬರುವ ನೋವು, ಬಿರುಕು ಅಲ್ಲ. ಒಂದೇ ಜಾಗದಲ್ಲಿ, ಬೆರಳಿನಷ್ಟು ಜಾಗದಲ್ಲಿ ಜೀವ ಹೋಗುವ ಹಾಗೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಒಂದು ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ ಓಟ ಇವತ್ತೇ ನಿಲ್ಲಿಸು, ಮೂಳೆ ಡಾಕ್ಟರ ಹತ್ತಿರ ಹೋಗು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. "ಎಕ್ಸ್‌ರೇ ಸರಿ ಇದೆ" ಅಂತ ಮತ್ತೆ ಓಡಬೇಡ.

ನೋವಿದ್ದಾಗ ಓಡಿದರೆ ಗಟ್ಟಿಯಾಗುತ್ತದೆ ಅನ್ನುವ ಗೆಳೆಯರ ಮಾತು ತಪ್ಪು. ಪೂರ್ತಿ ತಪ್ಪು. ಸ್ನಾಯುವಿನ ಸುಸ್ತು ಬೇರೆ, ಎಲುಬಿನ ನೋವು ಬೇರೆ.

ಶಹಾಬಾದ್ ಕಲ್ಲು
ನಡೆದರೆ ಸರಿಯಾ ಹಾಗಾದರೆ?

ಫಿಸಿಯೋ ಅಕ್ಕ ಕಲಬುರಗಿ
ನೋವು ಪೂರ್ತಿ ಹೋದ ಮೇಲೆ ನಡೆಯಲಿ. ಮೈತೂಕದ ಹತ್ತನೇ ಒಂದು ಭಾಗದಷ್ಟು ಹೊರೆ, ವಾರಕ್ಕೆ ಒಮ್ಮೆ, ಮಣ್ಣಿನ ದಾರಿಯಲ್ಲಿ. ಬ್ಯಾಗ್ ಬೆನ್ನಿಗೆ ಅಂಟಿಕೊಂಡಿರಬೇಕು, ಕೆಳಗೆ ಜೋತಾಡಬಾರದು. ಓಟ ಮಾತ್ರ ಹೊರೆ ಇಲ್ಲದೆ.

ಜೇವರ್ಗಿ ಅಣ್ಣ
ಎರೆ ಹೊಲದ ಬದುವಿನಲ್ಲಿ ಓಡಿ. ಬೇಸಿಗೆಯಲ್ಲಿ ಬಿರುಕು ನೋಡಿಕೊಂಡು ಓಡಿ, ಪಾದ ಉಳುಕುತ್ತದೆ. ಮಳೆ ಬಿದ್ದ ಮೇಲೆ ಎರೆ ಮಣ್ಣಿಗೆ ಹೋಗಲೇಬೇಡಿ, ಒಂದೊಂದು ಶೂಗೆ ಒಂದೊಂದು ಕೆ.ಜಿ. ಅಂಟುತ್ತದೆ.

ಓಟದ ಹುಚ್ಚು ಬೀದರ್
ಈಗ ಓಟದ ಲೆಕ್ಕ ಹೇಳುತ್ತೇನೆ. 1,600 ಮೀಟರ್ ಅಂದರೆ 400 ಮೀಟರ್ ಟ್ರ್ಯಾಕಿನ ನಾಲ್ಕು ಸುತ್ತು. 5:30 ಅಂದರೆ ಒಂದು ಸುತ್ತಿಗೆ 82 ಸೆಕೆಂಡ್ ಚಿಲ್ಲರೆ. ದಿನಾ 10 ಕಿ.ಮೀ. ಒಂದೇ ವೇಗದಲ್ಲಿ ಓಡಿದರೆ ಈ ವೇಗ ಬರುವುದಿಲ್ಲ. ನಮ್ಮ ಕಡೆ ಹುಡುಗರು ಮಾಡುವುದು ಇದನ್ನೇ.

ಕಾಲು ಸರಿ ಆದ ಮೇಲೆ ವಾರಕ್ಕೆ ಎರಡು ದಿನ ವೇಗದ ಓಟ. 400 ಮೀಟರನ್ನು 80 ಸೆಕೆಂಡಿಗೆ ಓಡು, ಎರಡು ನಿಮಿಷ ನಡಿ, ಮತ್ತೆ ಓಡು. ನಾಲ್ಕು ಸಲದಿಂದ ಶುರು ಮಾಡಿ ನಿಧಾನಕ್ಕೆ ಎಂಟಕ್ಕೆ ಹೋಗು. ಒಂದು ದಿನ ಉದ್ದದ ಓಟ, ಮಾತಾಡಿಕೊಂಡು ಓಡುವಷ್ಟು ನಿಧಾನ. ಒಂದು ದಿನ ಪೂರ್ತಿ ವಿಶ್ರಾಂತಿ.

ರ‍್ಯಾಲಿಯಲ್ಲಿ ದೊಡ್ಡ ಗುಂಪನ್ನು ಒಟ್ಟಿಗೆ ಬಿಡುತ್ತಾರೆ. ಮೊದಲ ತಿರುವಿನಲ್ಲೇ ತಳ್ಳಾಟ, ಬೀಳುವವರು ಅಲ್ಲೇ ಬೀಳುತ್ತಾರೆ. ಮೊದಲ 100 ಮೀಟರ್ ಚುರುಕಾಗಿ ಹೋಗಿ ಜಾಗ ಮಾಡಿಕೋ, ಆಮೇಲೆ ನಿನ್ನ ವೇಗಕ್ಕೆ ಬಾ. ಇದನ್ನು ಒಬ್ಬನೇ ಕಲಿಯಲು ಆಗಲ್ಲ. ಹತ್ತು ಹನ್ನೆರಡು ಗೆಳೆಯರನ್ನು ಕೂಡಿಸಿಕೊಂಡು ಓಡು.

ಆಳಂದ ಟೀಚರ್
ಬೀಮ್ ಅಭ್ಯಾಸ ಹೇಗೆ ಅಂತ ಯಾರೂ ಹೇಳಲಿಲ್ಲ. ಬೇವಿನ ಮರದ ಕೊಂಬೆಗೆ ಪೈಪ್ ಕಟ್ಟಿದರೆ ಸಾಕು. ಮೊದಲು ಸುಮ್ನೆ ತೂಗಾಡುವುದು ಕಲಿಯಲಿ. ಆಮೇಲೆ ಮೇಲಿನಿಂದ ನಿಧಾನವಾಗಿ ಇಳಿಯುವುದು. ಎಳೆತ ತಾನಾಗಿ ಬರುತ್ತದೆ. ಜೋಲಿ ಹೊಡೆದು ಏರುವ ಅಭ್ಯಾಸ ಬೇಡ, ಅಲ್ಲಿ ಎಣಿಸುವುದಿಲ್ಲ.

ಹುಮನಾಬಾದ್ ಬೈಪಾಸ್
ನಮ್ಮ ಬೇಸಿಗೆಯನ್ನು ಮರೆಯಬೇಡಿ. ಮೇ ತಿಂಗಳಲ್ಲಿ ಕಲಬುರಗಿ 42, 43 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಏಳರೊಳಗೆ ಓಟ ಮುಗಿಸಬೇಕು. ಕೆಲವರು "ಬಿಸಿಲಿಗೆ ಮೈ ಒಗ್ಗಿಸುತ್ತೇನೆ" ಅಂತ ಮಧ್ಯಾಹ್ನ ಓಡುತ್ತಾರೆ. ಪ್ರಾಣಕ್ಕೆ ಅಪಾಯ ಅದು.

ಫಿಸಿಯೋ ಅಕ್ಕ ಕಲಬುರಗಿ
ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಬಿಸಿಲಲ್ಲಿ ವಿಪರೀತ ದಂಡಿಸಿದ ಮೇಲೆ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತಿದೆ ಅಂತ. ತಕ್ಷಣ ಆಸ್ಪತ್ರೆ. ಓಟದ ನಡುವೆ ಮಾತು ತೊದಲಿದರೆ ನೆರಳಿಗೆ ಎಳೆದು ಮೈಗೆಲ್ಲ ನೀರು ಸುರಿಯಿರಿ, ಗಾಳಿ ಹಾಕಿ. ಆಂಬುಲೆನ್ಸ್ ಬರುವವರೆಗೆ ಅದನ್ನು ನಿಲ್ಲಿಸಬೇಡಿ.

ಅಫಜಲಪುರ ಎಳೆಯ
ಪ್ರೋಟೀನ್ ಪೌಡರ್ ಯಾವುದು ತಗೊಳ್ಳಬೇಕು ಅಣ್ಣ? ಜಿಮ್ಮಿನವರು ಡಬ್ಬಿ ತಗೋ ಅನ್ನುತ್ತಾರೆ, ರೇಟ್ ಜಾಸ್ತಿ.

ಜೇವರ್ಗಿ ಅಣ್ಣ
ತೊಗರಿ ನಾಡಿನಲ್ಲಿ ಕೂತು ಡಬ್ಬಿ ಕೇಳಬೇಡ ತಮ್ಮಾ. ಜೋಳದ ರೊಟ್ಟಿ, ಗಟ್ಟಿ ಬೇಳೆ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ತಿನ್ನುವವನಾದರೆ ಮೊಟ್ಟೆ. ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ.

ಆಳಂದ ಟೀಚರ್
ಬೇಳೆ ಸಾರಿನ ತಿಳಿ ಕುಡಿದರೆ ಆಗುವುದಿಲ್ಲ, ಬೇಳೆ ತಿನ್ನಬೇಕು. ಬಹಳ ಮನೆಗಳಲ್ಲಿ ರೊಟ್ಟಿ ನಾಲ್ಕು, ಬೇಳೆ ಒಂದು ಸೌಟು. ಹುಡುಗರಿಗೆ ರಕ್ತ ಕಡಿಮೆ ಇರುವುದೂ ಸಾಮಾನ್ಯ. ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿ.

ಚಿತ್ತಾಪುರದ ಹುಡುಗ
ಅಕ್ಕ, ಒತ್ತಿ ನೋಡಿದೆ. ಉದ್ದಕ್ಕೂ ಮಂದ ನೋವು ಇದೆ, ಒಂದೇ ಜಾಗದಲ್ಲಿ ಇಲ್ಲ. ರಾತ್ರಿ ನೋಯುವುದಿಲ್ಲ. ಆದರೂ ಡಾಕ್ಟರಿಗೆ ತೋರಿಸುತ್ತೇನೆ. ಅಕಾಡೆಮಿ ವಿಷಯ ಯಾರೂ ಹೇಳಲಿಲ್ಲ. ಒಬ್ಬರು ಫೋನ್ ಮಾಡಿ "ಫೀಸ್ ಬೇರೆ, ಸೆಲೆಕ್ಷನ್ ಗ್ಯಾರಂಟಿಗೆ ಬೇರೆ" ಅಂದರು. ಅಪ್ಪ ತೊಗರಿ ಮಾರಿದ ದುಡ್ಡು ಕೊಡುತ್ತೇನೆ ಅನ್ನುತ್ತಿದ್ದಾರೆ.

ಸುರಪುರ ನಾಯಕ
ಕೊಡಬೇಡ!! ಒಂದು ರೂಪಾಯಿಯೂ ಕೊಡಬೇಡ.

ನಮ್ಮ ಅಣ್ಣನಿಗೆ ಹೀಗೇ ಆಯಿತು. ಒಬ್ಬ ಏಜೆಂಟ್ ಮೆಡಿಕಲ್‌ನಲ್ಲಿ ತನ್ನ ಜನ ಇದ್ದಾರೆ ಅಂದ. ನಮ್ಮಪ್ಪ ಎತ್ತು ಮಾರಿ ಕೊಟ್ಟರು. ಇಂಥವರ ಆಟ ಬಹಳ ಸರಳ. ಹತ್ತು ಹುಡುಗರಿಂದ ತೆಗೆದುಕೊಳ್ಳುತ್ತಾರೆ. ಇಬ್ಬರು ಸ್ವಂತ ಬಲದಿಂದ ಪಾಸಾಗುತ್ತಾರೆ. ಆ ಇಬ್ಬರನ್ನು ತೋರಿಸಿ ಮುಂದಿನ ವರ್ಷ ಮತ್ತೆ ಇಪ್ಪತ್ತು ಜನರಿಂದ ವಸೂಲಿ. ಫೇಲ್ ಆದವರಿಗೆ ಅರ್ಧ ದುಡ್ಡು ವಾಪಸ್ ಕೊಟ್ಟು ಬಾಯಿ ಮುಚ್ಚಿಸುತ್ತಾರೆ. ನಮಗೆ ಅದೂ ಬರಲಿಲ್ಲ. ಅವ್ವ ಈಗಲೂ ಆ ಎತ್ತುಗಳ ಹೆಸರು ಹಿಡಿದು ಅಳುತ್ತಾಳೆ.

ಮಾಜಿ ಹವಾಲ್ದಾರ್ ಬಸವಕಲ್ಯಾಣ
ಭರ್ತಿಗೆ ಪರೀಕ್ಷೆ ಶುಲ್ಕ ಬಿಟ್ಟು ಬೇರೆ ದುಡ್ಡಿಲ್ಲ. ಓಟದ ಅಂಕ ಗಡಿಯಾರ ಕೊಡುತ್ತದೆ, ಪರೀಕ್ಷೆ ಅಂಕ ಕಂಪ್ಯೂಟರ್ ಕೊಡುತ್ತದೆ. ದಲ್ಲಾಳಿ ಯಾವುದನ್ನು ಬದಲಿಸುತ್ತಾನೆ? ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡ. ಅದನ್ನು ಇಟ್ಟುಕೊಂಡೇ ಹೆದರಿಸುತ್ತಾರೆ. ಅಕಾಡೆಮಿಗಳಲ್ಲಿ ಒಳ್ಳೆಯವೂ ಇವೆ. ಮೈದಾನ, ಜೊತೆಗಾರರು, ಶಿಸ್ತು ಸಿಗುತ್ತದೆ. ಆದರೆ "ಗ್ಯಾರಂಟಿ" ಅಂದ ಕೂಡಲೇ ಎದ್ದು ಬಾ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯಿಂದ ಸೇನಾ ಪೂರ್ವ ತರಬೇತಿ ಇರುತ್ತದೆ, ಕಚೇರಿಗೆ ಹೋಗಿ ವಿಚಾರಿಸು. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೆ ಸರ್ಟಿಫಿಕೇಟ್ ಮೇಲೆ ಬೋನಸ್ ಅಂಕವೂ ಇದೆ.

ಸೇಡಂ ರೋಡ್
ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಇದೆಯಲ್ಲ, ಅದರಲ್ಲಿ ಮೀಸಲಾತಿ ಸಿಗಲ್ವಾ?

ಆಳಂದ ಟೀಚರ್
ಸಿಗುವುದಿಲ್ಲ. 371ಜೆ ರಾಜ್ಯದ ನೇಮಕಾತಿಗೆ, ನಮ್ಮ ಭಾಗದ ಕಾಲೇಜು ಸೀಟಿಗೆ. ಸೇನೆ ಕೇಂದ್ರದ್ದು. ಅಲ್ಲಿ ಕಲ್ಯಾಣ ಕರ್ನಾಟಕ, ಮೈಸೂರು ಅಂತ ಭೇದ ಇಲ್ಲ.

ಸೇಡಂ ರೋಡ್
ನಮ್ಮ ಭಾಗದ ಶಾಲೆಗಳ ಸ್ಥಿತಿ ನೋಡಿದರೆ ಅಲ್ಲೂ ಬೇಕಿತ್ತು.

ಆಳಂದ ಟೀಚರ್
ಒಪ್ಪುತ್ತೇನೆ, ಗಣಿತದ ಟೀಚರ್ ಇಲ್ಲದ ಶಾಲೆ ಎಷ್ಟಿವೆ ಅಂತ ನನಗೆ ಗೊತ್ತು. ಆದರೆ ಒಂದು ಒಳ್ಳೆಯ ಸುದ್ದಿ ಇದೆ. 2025ರಿಂದ ಆನ್‌ಲೈನ್ ಪರೀಕ್ಷೆಯನ್ನು 13 ಭಾಷೆಗಳಲ್ಲಿ ನಡೆಸುತ್ತಿದ್ದಾರೆ. ಕನ್ನಡ ಇದೆ. ಉರ್ದು, ಮರಾಠಿ, ತೆಲುಗು ಕೂಡ ಇವೆ, ಬೀದರ್ ಕಡೆಯವರಿಗೆ ಅನುಕೂಲ. ಜಿಡಿಗೆ ಒಂದು ಗಂಟೆಯಲ್ಲಿ 50 ಪ್ರಶ್ನೆ. ಹತ್ತನೇ ಕ್ಲಾಸಿನ ಗಣಿತ, ವಿಜ್ಞಾನ ಸರಿಯಾಗಿ ಓದಿದರೆ ಆಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಡಿತ ಇದೆ, ಗೊತ್ತಿಲ್ಲದ್ದನ್ನು ಊಹಿಸಿ ಒತ್ತಬೇಡಿ.

ಯಾದಗಿರಿ ಕೋಟೆ
ಎಲ್ಲ ಸರಿ. ಆದರೆ ಅಗ್ನಿವೀರ್ ನಾಲ್ಕೇ ವರ್ಷ. ಪ್ಯಾರಾ ಎಸ್‌ಎಫ್ ಜವಾನ ತಯಾರಾಗಲು ವರ್ಷಗಳೇ ಬೇಕು. ತಯಾರಾಗುವಷ್ಟರಲ್ಲಿ ಮನೆಗೆ ಕಳಿಸಿದರೆ? ಇದನ್ನು ಯಾರೂ ಹುಡುಗನಿಗೆ ಹೇಳುತ್ತಿಲ್ಲ.

ಭಾಲ್ಕಿ ಕಾಕಾ
ನ್ಯಾಯವಾದ ಪ್ರಶ್ನೆ. ಯೋಜನೆ ಬಂದದ್ದು 2022ರ ಜೂನ್‌ನಲ್ಲಿ. ಅದರ ಪ್ರಕಾರ ಶೇ 25ರವರೆಗೆ ಮಾತ್ರ ಕಾಯಂ. ಉಳಿದವರಿಗೆ ಸೇವಾ ನಿಧಿ, ಅಂದರೆ ಹೊರಬರುವಾಗ ಒಟ್ಟಿಗೆ ಕೊಡುವ ದುಡ್ಡು, ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ. ಮನೆಯವರ ಮುಂದೆ ಇದನ್ನು ಬಿಡಿಸಿ ಹೇಳಬೇಕು.

ಸುರಪುರ ನಾಯಕ
22ನೇ ವಯಸ್ಸಿಗೆ 11 ಲಕ್ಷ ಕೈಯಲ್ಲಿ ಇರುವ ಹುಡುಗ ನಮ್ಮ ಊರಲ್ಲಿ ಯಾರಿದ್ದಾನೆ? ಪುಣೆ, ಹೈದರಾಬಾದಿಗೆ ಗುಳೆ ಹೋಗುವುದಕ್ಕಿಂತ ಮೇಲು ಅಲ್ವಾ?

ಯಾದಗಿರಿ ಕೋಟೆ
ಗುಳೆಗೆ ಹೋಲಿಸಿದರೆ ಎಲ್ಲವೂ ಮೇಲೇ. ಪ್ರಾಣ ಪಣಕ್ಕಿಡುವ ಕೆಲಸಕ್ಕೆ ಕಾಯಂ ನೌಕರಿ ಕೇಳುವುದು ತಪ್ಪಲ್ಲ.

ಮಾಜಿ ಹವಾಲ್ದಾರ್ ಬಸವಕಲ್ಯಾಣ
ಇಬ್ಬರ ಮಾತಿನಲ್ಲೂ ಹುರುಳಿದೆ. ಹುಡುಗ ಒಂದು ಕೆಲಸ ಮಾಡಲಿ. ಸೇನೆಯಲ್ಲಿ ಇರುವಾಗಲೇ ದೂರಶಿಕ್ಷಣದಲ್ಲಿ ಡಿಗ್ರಿ ಮುಗಿಸಲಿ. ಕಾಯಂ ಆದರೂ ಬೇಕು, ಆಗದಿದ್ದರಂತೂ ಬೇಕೇ ಬೇಕು.

ಗುರಮಠಕಲ್ ತಂಗಿ
ಹುಡುಗಿಯರಿಗೆ ಪ್ಯಾರಾ ಎಸ್‌ಎಫ್ ಇದೆಯಾ?

ಮಾಜಿ ಹವಾಲ್ದಾರ್ ಬಸವಕಲ್ಯಾಣ
ಜವಾನರ ಮಟ್ಟದಲ್ಲಿ ಈಗ ಹುಡುಗಿಯರನ್ನು ತೆಗೆದುಕೊಳ್ಳುವುದು ಮಿಲಿಟರಿ ಪೊಲೀಸ್‌ಗೆ ತಂಗಿ. ಇನ್ಫಂಟ್ರಿಗೆ ಇಲ್ಲ. ಅಧಿಕಾರಿಯಾಗಲು ಎನ್‌ಡಿಎ ದಾರಿ ತೆರೆದಿದೆ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ, ಪಿಯುಸಿ ಓದುವಾಗಲೇ ಬರೆಯಬಹುದು.

ಗುರಮಠಕಲ್ ತಂಗಿ
ಧನ್ಯವಾದ ಸರ್. ಎನ್‌ಡಿಎ ಓದುತ್ತೇನೆ. ಬೀದರ್ ಏರ್‌ಫೋರ್ಸ್ ಸ್ಟೇಷನ್‌ನ ಸೂರ್ಯಕಿರಣ್ ಪ್ರದರ್ಶನ ತಂಡದ ವಿಮಾನಗಳನ್ನು ನೋಡಿದಾಗಿನಿಂದ ವಾಯುಸೇನೆ ಮೇಲೂ ಆಸೆ ಇದೆ.

ಓಟದ ಹುಚ್ಚು ಬೀದರ್
ನಮ್ಮ ಮನೆ ಮಾಳಿಗೆ ಮೇಲೆ ನಿಂತರೆ ಹಾಕ್ ವಿಮಾನಗಳು ದಿನಾ ಕಾಣುತ್ತವೆ ತಂಗಿ. ಗಂಟೆಗಟ್ಟಲೆ ನೋಡಬಹುದು.

ಚಿತ್ತಾಪುರದ ಹುಡುಗ
ಈಜಿನ ಬಗ್ಗೆ ಹೇಳಿ. ಕಾಗಿಣಾ ಹೊಳೆ ಹತ್ತಿರವೇ ಇದೆ.

ಜೇವರ್ಗಿ ಅಣ್ಣ
ರ‍್ಯಾಲಿಯಲ್ಲಿ ಈಜು ಇಲ್ಲ. ಆದರೆ ಮುಂದೆ ಬೇಕಾಗುತ್ತದೆ, ಕಲಿ. ಹೊಳೆಯಲ್ಲಿ ಒಬ್ಬನೇ ಬೇಡ, ಮರಳು ತೆಗೆದ ಗುಂಡಿಗಳು ಕಾಣುವುದಿಲ್ಲ. ಮೆಟ್ಟಿಲು ಇರುವ ಬಾವಿಯಲ್ಲಿ, ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು, ಈಜು ಬಲ್ಲ ಹಿರಿಯರು ಜೊತೆಗಿರುವಾಗ ಕಲಿ. ಕೃಷ್ಣಾ ದಂಡೆಯವರು ಮೊಸಳೆ ನೋಡಿಕೊಳ್ಳಿ.

ಅವ್ವ ಕಮಲಾಪುರ
ನನ್ನ ಮಗನೂ ಇದೇ ಹಟ ಹಿಡಿದಿದ್ದಾನೆ. ಎಲ್ಲ ಓದಿದೆ. ಹೆದರಿಕೆ ಇನ್ನೂ ಹೋಗಿಲ್ಲ. ಮೆಡಿಕಲ್‌ನಲ್ಲಿ ಏನು ನೋಡುತ್ತಾರೆ ಅಂತ ಯಾರಾದರೂ ಹೇಳಿದರೆ ಈಗಲೇ ತೋರಿಸಿಬಿಡುತ್ತೇನೆ.

ಫಿಸಿಯೋ ಅಕ್ಕ ಕಲಬುರಗಿ
ಅವ್ವಾ, ಚಪ್ಪಟೆ ಪಾದ, ಮೊಣಕಾಲು ಒಂದಕ್ಕೊಂದು ತಾಗುವುದು, ಬಣ್ಣ ಗುರುತಿಸುವುದು, ದೃಷ್ಟಿ, ಕಿವಿ, ಹಲ್ಲು, ಉಬ್ಬಿದ ರಕ್ತನಾಳ, ಹರ್ನಿಯಾ ನೋಡುತ್ತಾರೆ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೂ ತೊಂದರೆ, ಇಎನ್‌ಟಿ ಡಾಕ್ಟರ ಹತ್ತಿರ ತೆಗೆಸಿ, ಮನೆಯಲ್ಲಿ ಕಡ್ಡಿ ಹಾಕಬೇಡಿ. ಗುಟ್ಕಾ ಅಭ್ಯಾಸ ಇದ್ದರೆ ಮೊದಲು ಬಿಡಿಸಿ. ಬಾಯಿಯೂ ಹಾಳು, ಉಸಿರೂ ಹಾಳು.

ಮಾಜಿ ಹವಾಲ್ದಾರ್ ಬಸವಕಲ್ಯಾಣ
ಹೆಸರೂ ನೋಡಿಕೊಳ್ಳಿ ಅವ್ವಾ. ಹತ್ತನೇ ಮಾರ್ಕ್ಸ್ ಕಾರ್ಡ್, ಆಧಾರ್ ಎರಡರಲ್ಲೂ ಮಗನ ಹೆಸರು, ತಂದೆ ಹೆಸರು, ಹುಟ್ಟಿದ ದಿನ ಒಂದೇ ಇರಬೇಕು. ನಮ್ಮ ಕಡೆ ಮನೆತನದ ಹೆಸರು ಒಂದರಲ್ಲಿ ಇರುತ್ತದೆ, ಒಂದರಲ್ಲಿ ಇರುವುದಿಲ್ಲ. ಓಡಿ ಪಾಸಾಗಿ ಕಾಗದದ ಟೇಬಲ್ ಹತ್ತಿರ ನಿಲ್ಲಬೇಕಾಗುತ್ತದೆ.

ಅಫಜಲಪುರ ಎಳೆಯ
ನನ್ನ ಕುತ್ತಿಗೆ ಮೇಲೆ ಅವ್ವನ ಹೆಸರಿನ ಟ್ಯಾಟೂ ಇದೆ. ನಡೆಯುತ್ತದಾ?

ಮಾಜಿ ಹವಾಲ್ದಾರ್ ಬಸವಕಲ್ಯಾಣ
ಕುತ್ತಿಗೆ ಮೇಲೆ ನಡೆಯುವುದಿಲ್ಲ. ಮುಂಗೈ ಒಳಭಾಗ ಮತ್ತು ಅಂಗೈ ಹಿಂಭಾಗದಲ್ಲಿ ಮಾತ್ರ ಅನುಮತಿ. ಈಗಲೇ ಚರ್ಮದ ಡಾಕ್ಟರನ್ನು ಕೇಳು, ತೆಗೆಸಲು ಸಮಯ ಹಿಡಿಯುತ್ತದೆ. ಚಿತ್ತಾಪುರದ ತಮ್ಮಾ, ನೀನು ಡಾಕ್ಟರಿಗೆ ತೋರಿಸಿದ ಮೇಲೆ ಏನಂದರು ಅಂತ ಇಲ್ಲೇ ಬರೆ. ಅಲ್ಲಿಯವರೆಗೆ ಓಟ ಬಂದ್, ಬೀಮ್ ಮತ್ತು ಗಣಿತ ಚಾಲೂ.